ಕ್ಯಾನ್ಸರ್ ಕೋಶಗಳ ಮೇಲೆ ಎಂಟಿಟಿ ಪರೀಕ್ಷೆ: ಅಂಕಿ ಕೆಡದಂತೆ ಮಾಡುವ ಬಗೆ

ಹಳದಿ ಬಣ್ಣದ ಎಂಟಿಟಿ ಲವಣವನ್ನು ಜೀವಂತ ಕೋಶಗಳ ಕಿಣ್ವಗಳು ನೇರಳೆ ಫಾರ್ಮಜಾನ್ ಆಗಿ ಬದಲಿಸುತ್ತವೆ. ಆ ನೇರಳೆ ಎಷ್ಟು ಬೆಳಕು ಹೀರುತ್ತದೆ ಎಂಬುದನ್ನು ಪ್ಲೇಟ್ ರೀಡರ್ ಎಂಬ ಯಂತ್ರ ಅಳೆಯುತ್ತದೆ; ಔಷಧ ಕೋಶಗಳನ್ನು ಎಷ್ಟು ಕುಗ್ಗಿಸಿತು ಎಂಬುದನ್ನು ಆ ಅಂಕಿಯಿಂದ ಅಂದಾಜಿಸುತ್ತಾರೆ. 1983ರಲ್ಲಿ ಮೊಸ್ಮನ್ ಪ್ರಕಟಿಸಿದ ಈ ವಿಧಾನ ಸರಳವಾಗಿ ಕಾಣುತ್ತದೆ, ಅದಕ್ಕೇ ಜನ ಅವಸರ ಮಾಡುತ್ತಾರೆ. ಯಂತ್ರ ಕೊಡುವುದು ಬೆಳಕಿನ ಲೆಕ್ಕವೇ ಹೊರತು ಸತ್ತ ಕೋಶಗಳ ಲೆಕ್ಕವಲ್ಲ. ಹೆಚ್ಚಿನ ಸಲ ಪ್ಲೇಟು ರೀಡರ್ ಒಳಗೆ ಹೋಗುವ ಮೊದಲೇ ಫಲಿತಾಂಶ ಕೆಟ್ಟಿರುತ್ತದೆ.

ಕೋಶ ಎಣಿಸಿ ಹಾಕುವುದು

ಇಲ್ಲಿ ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ. ಕೋಶಗಳ ದ್ರಾವಣಕ್ಕೆ ಸಮಪ್ರಮಾಣದ 0.4% ಟ್ರೈಪಾನ್ ಬ್ಲೂ ಬಣ್ಣ ಸೇರಿಸಿ ಹೀಮೋಸೈಟೋಮೀಟರ್‌ನಲ್ಲಿ (ಕೋಶ ಎಣಿಸಲು ಚೌಕ ಕೊರೆದ ಗಾಜಿನ ಹಲಗೆ) ಎಣಿಸಿ. ನೀಲಿಯಾದವು ಸತ್ತವು, ಅವನ್ನು ಬಿಡಿ. ಒಂದು ದೊಡ್ಡ ಚೌಕಕ್ಕೆ ಸರಾಸರಿ 40 ಕೋಶ ಸಿಕ್ಕರೆ, 40 × 2 × 10,000 (ಬಣ್ಣ ಬೆರೆಸಿ ತೆಳುವಾದದ್ದಕ್ಕೆ 2, ಚೌಕದ ಲೆಕ್ಕವನ್ನು ಮಿಲಿಲೀಟರಿಗೆ ತರಲು 10,000), ಅಂದರೆ ಮಿಲಿಲೀಟರಿಗೆ 8 ಲಕ್ಷ. 96 ವೆಲ್‌ಗಳ (ಸಣ್ಣ ಗುಳಿಗಳ) ಪ್ಲೇಟಿನ ಒಳಗಿನ 60 ವೆಲ್‌ಗಳಿಗೆ ತಲಾ 100 ಮೈಕ್ರೋಲೀಟರ್‌ನಲ್ಲಿ 5,000 ಕೋಶ ಬೇಕು. ಸ್ವಲ್ಪ ಹೆಚ್ಚಿಗೆ, 7 ಮಿಲಿಲೀಟರ್ ತಯಾರಿಸಿಕೊಳ್ಳಿ: 0.44 ಮಿಲಿಲೀಟರ್ ಕೋಶದ್ರಾವಣಕ್ಕೆ 6.56 ಮಿಲಿಲೀಟರ್ ಮೀಡಿಯಂ (ಕೋಶ ಬೆಳೆಸುವ ದ್ರವ).

ಅಂಚಿನ 36 ವೆಲ್‌ಗಳಲ್ಲಿ ನೀರು ಬೇಗ ಆವಿಯಾಗುವುದರಿಂದ ಅಲ್ಲಿನ ಅಂಕಿಗಳು ಏರುಪೇರಾಗುತ್ತವೆ. ಅವುಗಳಿಗೆ ಕೋಶ ಹಾಕದೆ 200 ಮೈಕ್ರೋಲೀಟರ್ ಪಿಬಿಎಸ್ (ಫಾಸ್ಫೇಟ್ ಸೇರಿದ ಉಪ್ಪುನೀರು) ತುಂಬಿ. ಕೋಶಗಳು ತೊಟ್ಟಿಯ ತಳಕ್ಕೆ ಇಳಿಯುತ್ತಲೇ ಇರುತ್ತವೆ, ಆದ್ದರಿಂದ ಪ್ರತಿ ಸಾಲಿಗೂ ಮುನ್ನ ಪಿಪೆಟ್‌ನಿಂದ ಮೆಲ್ಲಗೆ ಕಲಕಿ. ಹಾಕಿದ ಮೇಲೆ ಪ್ಲೇಟನ್ನು ಸುತ್ತ ತಿರುಗಿಸಬೇಡಿ, ಕೋಶಗಳೆಲ್ಲ ನಡುವಿಗೆ ಗುಂಪುಗೂಡುತ್ತವೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ನಿಧಾನವಾಗಿ ಸರಿಸಿದರೆ ಸಾಕು. ಹುಡ್‌ನಲ್ಲೇ 15–20 ನಿಮಿಷ ಬಿಟ್ಟು, ಆಮೇಲೆ 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್‌ನ ಇನ್‌ಕ್ಯುಬೇಟರಿಗೆ ಸೇರಿಸಿ. ಒಂದು ರಾತ್ರಿಯಲ್ಲಿ ಕೋಶಗಳು ತಳ ಹಿಡಿಯುತ್ತವೆ.

5,000 ಎಂಬುದು ಆರಂಭದ ಅಂದಾಜು ಮಾತ್ರ. ಬೇಗ ಬೆಳೆಯುವ ಕೋಶಗಳಿಗೆ 72 ಗಂಟೆಯ ಪ್ರಯೋಗದಲ್ಲಿ ಇದೇ ಜಾಸ್ತಿಯಾಗಿ, ಹೋಲಿಕೆಗೆಂದು ಔಷಧ ಹಾಕದೆ ಬಿಟ್ಟ ಕಂಟ್ರೋಲ್ ವೆಲ್ ತುಂಬಿಹೋಗಿ ಬೆಳವಣಿಗೆ ನಿಂತುಬಿಡುತ್ತದೆ. ಆಗ ಔಷಧದ ಪರಿಣಾಮ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ. ಹೊಸ ಕೋಶವಂಶವಾದರೆ 1,000ದಿಂದ 20,000ದವರೆಗೆ ಹಾಕಿ, ಅಂಕಿ ನೇರ ಗೆರೆಯಲ್ಲಿ ಏರುವ ಭಾಗವನ್ನು ಮೊದಲು ಗುರುತಿಸಿಕೊಳ್ಳಿ.

ಔಷಧ

ಬೇಕಾದ ಸಾಂದ್ರತೆಯ ಎರಡರಷ್ಟು ತಯಾರಿಸಿ, 100 ಮೈಕ್ರೋಲೀಟರ್ ಮೇಲಿಂದ ಸೇರಿಸಿ. ಔಷಧ ಕರಗಿಸುವ ದ್ರಾವಕವಾದ ಡಿಎಂಎಸ್‌ಒ ಎಲ್ಲ ವೆಲ್‌ಗಳಲ್ಲೂ ಒಂದೇ ಪ್ರಮಾಣದಲ್ಲಿರಲಿ, 0.1% ಆದರೆ ಒಳ್ಳೆಯದು. ಔಷಧವಿಲ್ಲದ ಕಂಟ್ರೋಲ್‌ಗೂ ಅಷ್ಟೇ ಡಿಎಂಎಸ್‌ಒ ಹಾಕಿ. 10 ಮಿಲಿಮೋಲಾರ್ ಸ್ಟಾಕ್‌ನಿಂದ (ಡಿಎಂಎಸ್‌ಒದಲ್ಲಿ ಕರಗಿಸಿಟ್ಟ ಗಟ್ಟಿ ದ್ರಾವಣ) 0.1%ದಲ್ಲಿ ಸಿಗುವುದು 10 ಮೈಕ್ರೋಮೋಲಾರ್ ಮಾತ್ರ. 100 ಬೇಕೆಂದು ಅದೇ ಸ್ಟಾಕ್ ಸುರಿದರೆ ಡಿಎಂಎಸ್‌ಒ 1% ಆಗಿ, ಕೋಶಗಳನ್ನು ಕುಗ್ಗಿಸಿದ್ದು ಔಷಧವೋ ದ್ರಾವಕವೋ ತಿಳಿಯದು.

ಎಂಟಿಟಿ ಹಾಕಿ ಓದುವುದು

ಪಿಬಿಎಸ್‌ನಲ್ಲಿ ಮಿಲಿಲೀಟರಿಗೆ 5 ಮಿಲಿಗ್ರಾಂ ಎಂಟಿಟಿ ಕರಗಿಸಿ, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಫಾಯಿಲ್ ಸುತ್ತಿಡಿ. ಪುಡಿ ತೂಗುವಾಗ ಕೈಗವಸು ಇರಲೇಬೇಕು. ಔಷಧದ ಅವಧಿ ಮುಗಿದ ಮೇಲೆ ಪ್ರತಿ ವೆಲ್‌ಗೆ 20 ಮೈಕ್ರೋಲೀಟರ್ ಹಾಕಿ 3–4 ಗಂಟೆ ಇನ್‌ಕ್ಯುಬೇಟರಿನಲ್ಲಿಡಿ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ: ಕೋಶಗಳ ಒಳಗೂ ಮೇಲೂ ಕಡುನೇರಳೆ ಸೂಜಿಗಳು ಮುಳ್ಳಿನಂತೆ ಚಾಚಿಕೊಂಡಿರಬೇಕು. ಈ ನೋಟ ತಪ್ಪಿಸಬೇಡಿ. ಸೂಜಿಗಳು ಕೋಶದ ಮೇಲಿರದೆ ಖಾಲಿ ಜಾಗದಲ್ಲೇ ಹರಡಿದ್ದರೆ, ನಿಮ್ಮ ಸಂಯುಕ್ತವೇ ಎಂಟಿಟಿಯನ್ನು ಬದಲಿಸುತ್ತಿರಬಹುದು.

ಈಗ ಮೀಡಿಯಂ ತೆಗೆಯುವುದೇ ನಾಜೂಕಿನ ಕೆಲಸ. ಪ್ಲೇಟನ್ನು ಓರೆ ಹಿಡಿದು, ಪಿಪೆಟ್ ತುದಿಯನ್ನು ಗೋಡೆಗೆ ತಾಗಿಸಿ ನಿಧಾನವಾಗಿ ಎಳೆಯಿರಿ. ತಳ ಮುಟ್ಟಿದರೆ ಹರಳುಗಳೂ ಎದ್ದುಬರುತ್ತವೆ. ತೇಲುವ ಕೋಶಗಳಾದರೆ ಮೊದಲು ಪ್ಲೇಟನ್ನೇ ಸೆಂಟ್ರಿಫ್ಯೂಜ್ ಮಾಡಿ. ನಂತರ 100 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿ, 10–15 ನಿಮಿಷ ಶೇಕರ್ ಮೇಲಿಡಿ. ಗುಳ್ಳೆಗಳಿದ್ದರೆ ಬೆಳಕು ಚದುರಿ ಅಂಕಿ ಸುಳ್ಳಾಗುತ್ತದೆ, ಸೂಜಿಯಿಂದ ಚುಚ್ಚಿ ಒಡೆಯಿರಿ. ತಳದ ಬೆರಳಚ್ಚು ಒರೆಸಿ, ಮುಚ್ಚಳ ತೆಗೆದು 570 ನ್ಯಾನೋಮೀಟರ್‌ನಲ್ಲಿ ಓದಿ. 690ರಲ್ಲೂ ಓದಿ ಕಳೆಯಿರಿ: ಅಲ್ಲಿ ಫಾರ್ಮಜಾನ್ ಹೆಚ್ಚೇನೂ ಹೀರದ ಕಾರಣ, ಗೀರು ಮತ್ತು ಕಲೆಗಳ ಪಾಲು ಲೆಕ್ಕದಿಂದ ಹೋಗುತ್ತದೆ.

ಕಂಟ್ರೋಲ್ ಅಂಕಿ 0.8ರಿಂದ 1.2ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಪ್ರತಿ ಅಂಕಿಯಿಂದಲೂ ಕೋಶವಿಲ್ಲದ ವೆಲ್‌ನ ಅಂಕಿ ಕಳೆಯಿರಿ. ಔಷಧದ ವೆಲ್ 0.62, ಕಂಟ್ರೋಲ್ 0.96, ಖಾಲಿ 0.06 ಬಂದರೆ, 0.56 ಭಾಗಿಸು 0.90, ಅಂದರೆ ಕಂಟ್ರೋಲ್‌ನ ಸುಮಾರು 62%.

ಈ 62%ವನ್ನು "38% ಕೋಶ ಸತ್ತವು" ಎಂದು ಬರೆಯಬೇಡಿ. ಕೋಶ ವಿಭಜನೆ ನಿಲ್ಲಿಸಿದ್ದರೂ, ಚಯಾಪಚಯ ಮಾತ್ರ ಕುಂದಿದ್ದರೂ ಇದೇ ಅಂಕಿ ಬರುತ್ತದೆ. ಸಾವು ಎನ್ನಬೇಕಾದರೆ ಅನೆಕ್ಸಿನ್ ವಿ ಅಥವಾ ಎಲ್‌ಡಿಎಚ್ ಪರೀಕ್ಷೆ ಜೊತೆಗಿರಲಿ. ಆಸ್ಕಾರ್ಬಿಕ್ ಆಮ್ಲ ಮತ್ತು ಹಲವು ಸಸ್ಯಸಾರಗಳು ಕೋಶವಿಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಹಾಗಾಗಿ ಪ್ರತಿ ಸಾಂದ್ರತೆಗೂ ಕೋಶವಿಲ್ಲದ ಒಂದು ವೆಲ್ ಮೀಸಲಿಡಿ. ಇನ್ನು ಒಂದೇ ಪ್ಲೇಟಿನ ಮೂರು ವೆಲ್‌ಗಳು ಮೂರು ಪ್ರಯೋಗವಲ್ಲ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜ್‌ನ (ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದ ಸುತ್ತಿನ) ಕೋಶಗಳಲ್ಲಿ ಮೂರು ಸಲ ಮಾಡಿದ ಮೇಲೆಯೇ ಐಸಿ50 (ಅಂಕಿಯನ್ನು ಅರ್ಧಕ್ಕಿಳಿಸುವ ಔಷಧ ಸಾಂದ್ರತೆ) ಗೆರೆ ಎಳೆಯಿರಿ.