ಕಾರಿನಲ್ಲೇ 24 ದಿನದ ಸಂಸಾರ

ನಮ್ಮನೆಯವರಿಗೆ 68 ವರ್ಷ, ನನಗೆ 64. ಈ ಜನವರಿಯಲ್ಲಿ ದಾವಣಗೆರೆಯಿಂದ ಗುಜರಾತಿನ ಕಛ್‌ವರೆಗೆ ನಮ್ಮ ಎರ್ಟಿಗಾದಲ್ಲೇ ಹೋಗಿ ಬಂದೆವು. 24 ದಿನ, ಹೆಚ್ಚುಕಡಿಮೆ 4,000 ಕಿಲೋಮೀಟರ್. 15 ರಾತ್ರಿ ಕಾರಿನಲ್ಲೇ ಮಲಗಿದೆವು. ಉಳಿದ ರಾತ್ರಿ ಧರ್ಮಶಾಲೆ, ಲಾಡ್ಜು. ಬಂದ ಮೇಲೆ ನೆಂಟರು, ಅಕ್ಕಪಕ್ಕದವರು ಕೇಳುವುದೆಲ್ಲ ಒಂದೇ: ಊಟಕ್ಕೆ ಏನು ಮಾಡಿದಿರಿ, ರಾತ್ರಿ ಬಾತ್‌ರೂಮಿಗೆ ಎಲ್ಲಿ ಹೋದಿರಿ, ಹೆದರಿಕೆ ಆಗಲಿಲ್ವಾ? ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ರಿಟೈರ್ ಆದ ಮೇಲೆ ಹೀಗೊಮ್ಮೆ ಹೋಗಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಉಪಯೋಗವಾಗಲಿ.

ಮೊದಲು ಬಿಟ್ಟು ಹೋಗುವ ಮನೆಯ ವಿಷಯ. ಫ್ರಿಜ್ ಖಾಲಿ ಮಾಡಿ, ಸ್ವಿಚ್ ಆಫ್ ಮಾಡಿ, ಬಾಗಿಲಿಗೆ ಒಂದು ಬಟ್ಟೆ ಸಿಕ್ಕಿಸಿ ಸ್ವಲ್ಪ ತೆರೆದಿಡಿ. ಪೂರ್ತಿ ಮುಚ್ಚಿದರೆ ಒಳಗೆ ಬೂಸಲು ಹಿಡಿಯುತ್ತದೆ. ಬಚ್ಚಲಿನ ಜಾಲರಿಗೆ ಒಂದು ಚೊಂಬು ನೀರು ಹಾಕಿ, ಅದರ ಮೇಲೆ ಎರಡು ಚಮಚ ಎಣ್ಣೆ ಬಿಡಿ. ನೀರು ಬೇಗ ಆರುವುದಿಲ್ಲ, ವಾಸನೆ ಮೇಲೆ ಬರುವುದಿಲ್ಲ, ಜಿರಳೆಯೂ ಬರುವುದಿಲ್ಲ. ಸಿಲಿಂಡರಿನ ರೆಗ್ಯುಲೇಟರ್ ತೆಗೆದಿಡಿ. ಮನೆಗೆ ಬೀಗ ಹಾಕಿ ಹೋಗುತ್ತಿದ್ದೇವೆ ಅಂತ ಪೊಲೀಸ್ ಠಾಣೆಗೆ ತಿಳಿಸಿ. ತುಳಸಿಗೆ ನೀರು ಹಾಕುವ ಕೆಲಸವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದರೆ, ದಿನಕ್ಕೊಮ್ಮೆ ಯಾರೋ ಒಬ್ಬರು ಗೇಟಿನವರೆಗೆ ಬಂದ ಹಾಗೂ ಆಗುತ್ತದೆ. ಪಿಂಚಣಿದಾರರು ನವೆಂಬರಿನಲ್ಲಿ ಹೊರಡುವುದಾದರೆ ಜೀವನ ಪ್ರಮಾಣ ಪತ್ರದ ಕೆಲಸ ಮರೆಯಬೇಡಿ. ಡ್ರೈವಿಂಗ್ ಲೈಸೆನ್ಸ್ ತಾರೀಖನ್ನೂ ನೋಡಿಕೊಳ್ಳಿ. 55 ದಾಟಿದವರಿಗೆ ಈಗ ಸಿಗುವುದು 5 ವರ್ಷದ ನವೀಕರಣ ಮಾತ್ರ. ಸುಮ್ನೆ ಇದೆ ಅಂದುಕೊಂಡರೆ ಅವಧಿ ಮುಗಿದೇ ಹೋಗಿರುತ್ತದೆ.

ಇನ್ನು ಹಾಸಿಗೆ. ಹಿಂದಿನ ಎರಡೂ ಸಾಲಿನ ಸೀಟು ಮಡಚಿದರೆ ಜಾಗವೇನೋ ಆಗುತ್ತದೆ, ಆದರೆ ಸಮತಟ್ಟಾಗಿ ಇರುವುದಿಲ್ಲ. ನಡುವಿನ ಉಬ್ಬು ಸೊಂಟಕ್ಕೆ ಒತ್ತುತ್ತದೆ. ನಮ್ಮೂರ ಬಡಗಿಯಿಂದ ಪ್ಲೈವುಡ್ ಹಲಗೆಯನ್ನು ಎರಡು ತುಂಡಾಗಿ ಮಾಡಿಸಿ, ನಡುವೆ ಕೀಲು ಹಾಕಿಸಿದೆವು. ಅದರ ಮೇಲೆ ತೆಳು ಹತ್ತಿ ಹಾಸಿಗೆ, ಅದರ ಮೇಲೆ ನಮ್ಮ ಅತ್ತೆ ಹೊಲಿದ ಹಳೇ ಸೀರೆಯ ಕೌದಿ. ಫೋಮ್ ಬೇಡ, ಬೆನ್ನು ಬೆವರುತ್ತದೆ. ಹೊರಡುವ ಮೊದಲು ಎರಡು ರಾತ್ರಿ ಮನೆಯ ಮುಂದೆಯೇ ಕಾರು ನಿಲ್ಲಿಸಿ ಅದರಲ್ಲಿ ಮಲಗಿ ನೋಡಿ. ನಾವು ಹಾಗೆ ಮಲಗಿದಾಗಲೇ ಗೊತ್ತಾಗಿದ್ದು, ನಮ್ಮನೆಯವರ ಕಾಲು ಚಾಚಲು ಮುಂದಿನ ಸೀಟು ಪೂರ್ತಿ ಮುಂದಕ್ಕೆ ಎಳೆಯಬೇಕು ಅಂತ. ರಾತ್ರಿ ಏಳುವವರು ಬಾಗಿಲ ಪಕ್ಕ ಮಲಗಬೇಕು ಅಂತಲೂ ಆಗಲೇ ತಿಳಿಯಿತು.

ಗಾಳಿಯ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಇಂಜಿನ್ ಚಾಲೂ ಇಟ್ಟು, ಎಸಿಯನ್ನೋ ಹೀಟರನ್ನೋ ಹಾಕಿಕೊಂಡು, ಯಾವತ್ತೂ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಚಳಿ ಅಂತ ಇದ್ದಿಲ ಕೆಂಡ ಒಳಗಿಡುವುದೂ ಅಷ್ಟೇ ಅಪಾಯ. ಸೊಳ್ಳೆ ಬತ್ತಿಯೂ ಬೇಡ. ಎದುರುಬದುರಿನ ಎರಡು ಗಾಜು ಎರಡು ಬೆರಳಷ್ಟು ಇಳಿಸಿ. ಸೊಳ್ಳೆ ಪರದೆಯ ಬಟ್ಟೆಯನ್ನು ದಿಂಬಿನ ಚೀಲದ ಹಾಗೆ ಹೊಲಿದು, ಬಾಗಿಲು ತೆರೆದು ಮೇಲಿನಿಂದ ಇಳಿಬಿಟ್ಟರೆ ಸರಿಯಾಗಿ ಕೂರುತ್ತದೆ. ಕಾರಿನಲ್ಲಿ ಮಲಗಿದ ಮೊದಲ ರಾತ್ರಿ ಕೊಲ್ಹಾಪುರದ ಆಚೆ ಚಳಿ ಅಂತ ನಾವು ಗಾಜು ಪೂರ್ತಿ ಏರಿಸಿದ್ದೆವು. ಬೆಳಿಗ್ಗೆ ಎದ್ದರೆ ಒಳಗಿನ ಗಾಜೆಲ್ಲ ಬೆವರಿ ನೀರು ಇಳಿಯುತ್ತಿತ್ತು, ಕೌದಿಯ ಅಂಚು ಒದ್ದೆಯಾಗಿತ್ತು. ಅದೆಲ್ಲ ನಮ್ಮ ಉಸಿರಿನ ನೀರೇ. ಅವತ್ತಿನಿಂದ ಗಾಜು ಇಳಿಸಿಯೇ ಮಲಗಿದೆವು. ಚಳಿಗೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಉಣ್ಣೆ ಕಾಲುಚೀಲದೊಳಗೆ ಹಾಕಿ, ಪಾದದ ಹತ್ತಿರ ಇಟ್ಟುಕೊಳ್ಳುತ್ತಿದ್ದೆವು. ಕಛ್‌ನಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ಚೆನ್ನಾಗಿ ಕೊರೆಯುತ್ತದೆ. ಸ್ವೆಟರ್, ಮಂಕಿ ಕ್ಯಾಪ್ ಎರಡೂ ಬೇಕು.

ಅಡುಗೆಗೆ ಬರುತ್ತೇನೆ. ನನಗೆ ತುಂಬ ಕೆಲಸಕ್ಕೆ ಬಂದಿದ್ದು ಹುರಿದಿಟ್ಟ ರವೆ. ಎರಡು ಕಿಲೋ ಉಪ್ಪಿಟ್ಟಿನ ರವೆಗೆ ಸಾಸಿವೆ, ಉದ್ದಿನಬೇಳೆ, ಕಡ್ಲೆಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ. ಕರಿಬೇವನ್ನು ಮುರಿದರೆ ಪಟ್ ಅನ್ನಬೇಕು, ಅಷ್ಟು ಗರಿಗರಿಯಾಗಬೇಕು. ಎಲೆಯಲ್ಲಿ ಸ್ವಲ್ಪ ಹಸಿ ಉಳಿದರೂ ರವೆ ಕೆಡುತ್ತದೆ. ಉಪ್ಪು ಸೇರಿಸಿ, ಪೂರ್ತಿ ಆರಿಸಿ, ಒಂದೊಂದು ಹೊತ್ತಿಗೆ ಬೇಕಾದಷ್ಟು ಬೇರೆ ಬೇರೆ ಪೊಟ್ಟಣ ಕಟ್ಟಿ. ಲೋಟ ರವೆಗೆ ಎರಡೂವರೆ ಲೋಟ ಕುದಿಯುವ ನೀರು, ಮುಚ್ಚಿ ಐದು ನಿಮಿಷ, ಅಷ್ಟೇ. ಜೋಳದ ಖಡಕ್ ರೊಟ್ಟಿ 60 ಮಾಡಿಸಿಕೊಂಡು ಹೋಗಿದ್ದೆ. ಅವು ವಾರಗಟ್ಟಲೆ ಇರುತ್ತವೆ. ಸೂರತ್ ಕಡೆ ತೇವದ ಗಾಳಿಗೆ ಮೆತ್ತಗಾದಾಗ ಬಟ್ಟೆ ಹಾಸಿ ಬಾನೆಟ್ ಮೇಲೆ ಹರಡಿದೆ. ಮಧ್ಯಾಹ್ನಕ್ಕೆ ಮತ್ತೆ ಖಡಕ್ ಆದವು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಇರಲಿ. ಬೇಳೆಗೆ ತೊಗರಿ ಬೇಡ, ಹೆಸರುಬೇಳೆ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಮೊಸರನ್ನು ಹಗಲು ಹೆಪ್ಪು ಹಾಕಬೇಡಿ, ಕಾರಿನ ಕುಲುಕಿಗೆ ನೀರಾಗುತ್ತದೆ. ರಾತ್ರಿ ನಿಂತ ಮೇಲೆ ಹಾಕಿ, ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ ದಿಂಬುಗಳ ನಡುವೆ ಇಡಿ. ಗುಜರಾತಿನಲ್ಲಂತೂ ಎಲ್ಲಿ ನೋಡಿದರೂ ಛಾಸ್ ಸಿಗುತ್ತದೆ, ನಮ್ಮ ಮಜ್ಜಿಗೆಯೇ. ಸಂಕ್ರಾಂತಿಗೆ ಮನೆಯಿಂದ ಎಳ್ಳುಬೆಲ್ಲ ಮಾಡಿಕೊಂಡು ಹೋಗಿದ್ದೆ. ಜನವರಿ 14ಕ್ಕೆ ಅಹಮದಾಬಾದಿನ ಹತ್ತಿರ ಇದ್ದೆವು. ಆಕಾಶದ ತುಂಬ ಗಾಳಿಪಟ. ನಾವು ಕಾರು ನಿಲ್ಲಿಸಿದ್ದ ಪಂಪಿನ ಹುಡುಗರಿಗೆಲ್ಲ ಎಳ್ಳುಬೆಲ್ಲ ಕೊಟ್ಟೆ. ಅವರ ಮನೆಯಿಂದ ನಮಗೆ ‘ಊಂಧಿಯು’ ಅನ್ನುವ ತರಕಾರಿ ಪಲ್ಯ ಬಂತು.

ಒಲೆಯನ್ನು ಕಾರಿನೊಳಗೆ ಹಚ್ಚಲೇಬಾರದು, ಮಳೆ ಬಂದರೂ ಸರಿ. 5 ಕಿಲೋದ ಸಣ್ಣ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಬೇಕು, ಅಡ್ಡ ಮಲಗಿಸಬಾರದು. ಕೆಲಸ ಮುಗಿದ ಕೂಡಲೇ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ. ಎರಡು ದಿನಕ್ಕೊಮ್ಮೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡಿ. ಪೆಟ್ರೋಲ್ ಪಂಪಿನ ಆವರಣದಲ್ಲಿ ಒಲೆ ಹಚ್ಚುವ ಮಾತೇ ಬೇಡ. ಅಲ್ಲಿ ಮಲಗುವ ದಿನ ರೊಟ್ಟಿ, ಚಟ್ನಿ, ಮೊಸರು ತಿಂದು ಮಲಗಿ.

ನಿಲ್ಲುವ ಜಾಗವನ್ನು ಕತ್ತಲಾಗುವ ಮೊದಲೇ ಹುಡುಕಿ. ದಿನಕ್ಕೆ 250 ಕಿಲೋಮೀಟರ್ ದಾಟಲಿಲ್ಲ ನಾವು. ಬೆಳಿಗ್ಗೆ 7ಕ್ಕೆ ಹೊರಟರೆ ಮಧ್ಯಾಹ್ನ 3ಕ್ಕೆ ಮುಗಿಯಿತು. ಈ ವಯಸ್ಸಿನಲ್ಲಿ ಎದುರಿನ ಲೈಟು ಕಣ್ಣಿಗೆ ಚುಚ್ಚುತ್ತದೆ, ರಾತ್ರಿ ಓಡಿಸುವುದು ಬೇಡವೇ ಬೇಡ. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ, ಇಲ್ಲದಿದ್ದರೆ ಸಂಜೆಗೆ ಪಾದ ಊದಿಕೊಳ್ಳುತ್ತದೆ. ದೀಪ ಇರುವ, ರಾತ್ರಿಯಿಡೀ ತೆರೆದಿರುವ ದೊಡ್ಡ ಪಂಪಿನಲ್ಲಿ ಮ್ಯಾನೇಜರನ್ನು ಕೇಳಿ ನಿಲ್ಲಿಸಿ. ಅಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಇರುತ್ತದೆ. ಲಾರಿಗಳ ನಡುವೆ ಬೇಡ. ಮೂತಿ ರಸ್ತೆ ಕಡೆ ಇರಲಿ, ಎದ್ದು ಹೊರಡಬೇಕಾದರೆ ಹಿಂದಕ್ಕೆ ತೆಗೆಯುವ ಗೋಳಿಲ್ಲ. ಪ್ರತಿ ಮೂರನೆಯ ರಾತ್ರಿ ರೂಮು ಮಾಡಿ, ಬಿಸಿನೀರಿನ ಸ್ನಾನ ಆಗಲಿ, ಬಟ್ಟೆ ಒಗೆದುಕೊಳ್ಳಿ.

ಬಾತ್‌ರೂಮಿನ ಪ್ರಶ್ನೆಗೆ ನಾಚಿಕೆ ಬೇಡ, ವಯಸ್ಸಾದವರಿಗೆ ರಾತ್ರಿ ಒಂದೆರಡು ಸಲ ಏಳಲೇಬೇಕು. ಕತ್ತಲಲ್ಲಿ ದೂರ ನಡೆದು ಜಾರಿ ಬಿದ್ದರೆ ಪ್ರವಾಸ ಅಲ್ಲಿಗೇ ಮುಗಿಯುತ್ತದೆ. ಬಿಗಿ ಮುಚ್ಚಳದ ಬಕೆಟ್ಟಿನ ತಳಕ್ಕೆ ಎರಡು ಹಿಡಿ ಗರಗಸದ ಹೊಟ್ಟು ಹಾಕಿ ಇಟ್ಟಿದ್ದೆವು. ಒಂದಕ್ಕೆ ಮಾತ್ರ. ಬೆಳಿಗ್ಗೆ ಹೊಟ್ಟನ್ನು ಚೀಲಕ್ಕೆ ಕಟ್ಟಿ ಕಸದ ಡಬ್ಬಿಗೆ ಹಾಕಿ, ಬಕೆಟ್ಟಿಗೆ ಫಿನಾಯಿಲ್ ಹಾಕಿ ತೊಳೆದರೆ ಆಯಿತು. ಮಂಡಿನೋವಿನವರು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮಡಚುವ ಕಮೋಡ್ ಕುರ್ಚಿ ತೆಗೆದುಕೊಳ್ಳಿ. ನೀರಿಗೆ ಎರಡು ಕ್ಯಾನ್ ಇರಲಿ, ಕುಡಿಯುವುದಕ್ಕೆ ಒಂದು, ಬಳಸುವುದಕ್ಕೆ ಒಂದು. ಬಳಸುವ ನೀರಿನ ಕ್ಯಾನಿಗೆ ಕೆಂಪು ದಾರ ಕಟ್ಟಿದ್ದೆ.

ಈಗ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸಿದ ಮಾತು. ಭರೂಚ್ ದಾಟಿ ಒಂದು ಪಂಪಿನಲ್ಲಿ ಮಲಗಿದ್ದೆವು. ಹಿಂದಿನ ದಿನ ದಾರಿಯಲ್ಲಿ ತಿಂದಿದ್ದು ಹಿಡಿಸಿರಲಿಲ್ಲ. ರಾತ್ರಿ 2 ಗಂಟೆಗೆ ನಮ್ಮನೆಯವರಿಗೆ ವಾಂತಿ, ಭೇದಿ ಶುರುವಾಯಿತು. 4ರ ಹೊತ್ತಿಗೆ ನಿಲ್ಲಲೂ ಆಗದ ಹಾಗೆ ಸುಸ್ತಾದರು. ಇನ್ಶೂರೆನ್ಸ್ ಕಾರ್ಡ್ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಅವರ ಫೋನಿನ ಲಾಕ್ ಗೊತ್ತಿರಲಿಲ್ಲ. ಹೆಡ್‌ಲೈಟ್ ಎಲ್ಲಿ ಹಾಕುವುದು ಅಂತ ಕೈ ತಡವರಿಸಿತು. ನನಗೆ ಡ್ರೈವಿಂಗ್ ಬರುತ್ತದೆ, ಆದರೆ ಊರೊಳಗೆ ಬಿಟ್ಟು ಹೆದ್ದಾರಿಯಲ್ಲಿ ಓಡಿಸಿರಲಿಲ್ಲ. ಅವತ್ತು 14 ಕಿಲೋಮೀಟರ್ ಓಡಿಸಿಕೊಂಡು ಆಸ್ಪತ್ರೆಗೆ ಹೋದೆ, ಪಂಪಿನ ಹುಡುಗನೊಬ್ಬ ಬೈಕಿನಲ್ಲಿ ಮುಂದೆ ದಾರಿ ತೋರಿಸಿದ. ಎರಡು ಬಾಟಲಿ ಸಲೈನ್ ಹಾಕಿದರು, ಸಂಜೆಗೆ ಎದ್ದು ಕೂತರು. ಮಾರನೆಯ ದಿನ ರೂಮಿನಲ್ಲಿ ಕೂತು ಇಬ್ಬರೂ ಪಾಠ ಮಾಡಿಕೊಂಡೆವು. ಟೈರ್ ಬದಲಿಸುವುದು, ಫಾಸ್ಟ್ಯಾಗಿಗೆ ಹಣ ಹಾಕುವುದು, ಬಾನೆಟ್ ತೆರೆಯುವುದು ಅವರು ನನಗೆ ತೋರಿಸಿದರು. ಗ್ಯಾಸ್ ಜೋಡಿಸುವುದು, ರವೆಯ ಅಳತೆ, ನನ್ನ ಥೈರಾಯ್ಡ್ ಮಾತ್ರೆಯ ಹೊತ್ತು ನಾನು ಅವರಿಗೆ ತೋರಿಸಿದೆ. ಅಲ್ಲಿಂದ ಮುಂದೆ ದಿನಕ್ಕೊಂದು ಗಂಟೆ ಸ್ಟೇರಿಂಗ್ ನನ್ನ ಕೈಗೆ, ಬೆಳಗಿನ ತಿಂಡಿ ಅವರ ಕೈಗೆ.

ನೀವು ಇದನ್ನು ಹೊರಡುವ ಮೊದಲೇ ಮಾಡಿ. ಮಾತ್ರೆ, ಟಾರ್ಚ್, ಕೀ, ಕನ್ನಡಕ ಇವಕ್ಕೆ ಒಂದೊಂದು ಜಾಗ ಗೊತ್ತುಮಾಡಿ, ದೀಪ ಹಾಕದೆ ಇಬ್ಬರ ಕೈಗೂ ಸಿಗಬೇಕು. ಕಣ್ಣು ಮುಚ್ಚಿಕೊಂಡು ತೆಗೆದು ನೋಡಿ. ಇಬ್ಬರ ಮಾತ್ರೆಯ ಹೆಸರು, ಡೋಸು, ಮಗನ ನಂಬರು, ಇನ್ಶೂರೆನ್ಸ್ ನಂಬರು ದಪ್ಪ ಅಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿಡಿ. ಮಾತ್ರೆಗಳನ್ನು ಎರಡು ಚೀಲದಲ್ಲಿ ಹಂಚಿಡಿ, ಒಂದು ಕಳೆದರೆ ಇನ್ನೊಂದಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಬಿಟ್ಟು ಹೋಗಬಾರದು. ಓಆರ್‌ಎಸ್ ಆರು ಪ್ಯಾಕೆಟ್ ಇರಲಿ. ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ ಪುಡಿಯನ್ನು ಒಂದೇ ಸಲ 1 ಲೀಟರ್ ನೀರಿಗೆ ಹಾಕಬೇಕು. ಹೆದ್ದಾರಿಯಲ್ಲಿ ಏನಾದರೂ ಆದರೆ 1033, ಬೇರೆ ಕಡೆ 112. ಇವೂ ಆ ಕಾಗದದಲ್ಲೇ ಇರಲಿ.

ಕಛ್‌ಗೇ ಹೋಗುವವರಿಗೆ ಇನ್ನೆರಡು ಮಾತು. ಬಿಳಿ ರಣಕ್ಕೆ, ಅಂದರೆ ಅಲ್ಲಿನ ಉಪ್ಪಿನ ಬಯಲಿಗೆ, ಪರ್ಮಿಟ್ ಬೇಕು, ಗುರುತಿನ ಚೀಟಿ ಅಸಲಿಯದೂ ಇರಲಿ, ಜೆರಾಕ್ಸೂ ಇರಲಿ. ಖಾವಡಾ ದಾಟುವ ಮೊದಲೇ ಟ್ಯಾಂಕ್ ತುಂಬಿಸಿ, ನೀರೂ ತುಂಬಿಸಿ. ಅಲ್ಲಿಂದ ಧೋಲಾವೀರಕ್ಕೆ ಹೋಗುವ ದಾರಿಯಲ್ಲಿ 30 ಕಿಲೋಮೀಟರ್ ಹತ್ತಿರ ರಣದ ನಡುವೆಯೇ ಸಾಗಬೇಕು. ಎಡಕ್ಕೂ ಬಲಕ್ಕೂ ಉಪ್ಪು, ನಡುವೆ ರಸ್ತೆ, ಒಂದು ಮರದ ನೆರಳಿಲ್ಲ. ಧೋಲಾವೀರ ಹರಪ್ಪ ಕಾಲದ ಊರು, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಅಲ್ಲಿ ಬಂಡೆ ಕೊರೆದು ಮಾಡಿದ ನೀರಿನ ಹೊಂಡಗಳ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ. ಎರಡು ಮಳೆಗಾಲದ ಹಳ್ಳಗಳ ನೀರನ್ನು ತಿರುಗಿಸಿ, ಇಂಥ ಉಪ್ಪಿನ ನಾಡಿನಲ್ಲಿ ವರ್ಷವಿಡೀ ಕುಡಿದಿದ್ದಾರೆ. ನಮ್ಮ 20 ಲೀಟರ್ ಕ್ಯಾನನ್ನು ಅವತ್ತು ಬೇರೆ ಕಣ್ಣಿನಿಂದ ನೋಡಿದೆ. ಕಾಲೋ ಡುಂಗರ್ ಬೆಟ್ಟದ ಮೇಲೆ ದತ್ತಾತ್ರೇಯರ ಗುಡಿಯಿದೆ. ಗಾಣಗಾಪುರಕ್ಕೆ ನಡೆದುಕೊಳ್ಳುವ ನಮಗೆ ಅಷ್ಟು ದೂರದಲ್ಲಿ ಅದೇ ದೇವರನ್ನು ಕಂಡು ಕಣ್ಣು ತುಂಬಿ ಬಂತು.

ರಣದಿಂದ ಬಂದ ಮೇಲೆ ಕಾರನ್ನು ಬರೀ ಮೇಲೆ ಒರೆಸಿದರೆ ಸಾಲದು, ಉಪ್ಪು ತಳಕ್ಕೆ ಅಂಟಿ ತುಕ್ಕು ಹಿಡಿಸುತ್ತದೆ. ಭುಜ್‌ಗೆ ಬಂದ ದಿನವೇ ಸರ್ವಿಸ್ ಅಂಗಡಿಯಲ್ಲಿ ಕಾರು ಮೇಲೆತ್ತಿಸಿ ಅಡಿಯಿಂದ ಜೋರು ನೀರು ಹೊಡೆಸಿದೆವು. ಮೊದಲು ಬೂದು ಕೆಸರು ಇಳಿಯಿತು, ಆಮೇಲೆ ಹಾಲಿನಂಥ ನೀರು. ನೀರು ತಿಳಿಯಾಗುವವರೆಗೂ ನಮ್ಮನೆಯವರು ಬಗ್ಗಿ ನೋಡುತ್ತಲೇ ಇದ್ದರು. ಚಪ್ಪಲಿ, ಮ್ಯಾಟು, ಟಯರಿನ ಮೇಲಿನ ತಗಡು, ಎಲ್ಲವನ್ನೂ ಅಲ್ಲೇ ತೊಳೆಸಿಕೊಳ್ಳಿ. ಅಷ್ಟಾದರೂ ಮನೆಗೆ ಬಂದು ವಾರವಾದ ಮೇಲೆ, ಹಾಸಿಗೆಯ ಹಲಗೆ ಬಿಚ್ಚಿ ಹೊರಗಿಟ್ಟಾಗ, ಕೀಲಿನ ಸಂದಿಯಲ್ಲಿ ಒಂದು ಚಿಟಿಕೆ ಉಪ್ಪು ಸಿಕ್ಕಿತು.