ಜ್ಯಾಬ್ ಹೊಡೆಯುತ್ತ ಪಕ್ಕಕ್ಕೆ ಸರಿಯುವುದನ್ನು ನಾನು ರೂಢಿಸಿಕೊಂಡ ಬಗೆ

ನಾನು ಆರ್ಥೊಡಾಕ್ಸ್ ಬಾಕ್ಸರ್. ಎಡಗಾಲನ್ನು ಮುಂದಿಟ್ಟು ನಿಲ್ಲುವವನು. ಮುಂದಕ್ಕೆ ಹೆಜ್ಜೆಯಿಟ್ಟು ಜ್ಯಾಬ್ (ಮುಂದಿರುವ ಎಡಗೈಯ ಚುರುಕಾದ ನೇರ ಹೊಡೆತ) ಹೊಡೆಯುವುದು ನನಗೆ ಬೇಗ ಒಗ್ಗಿತು. ಅದೇ ಜ್ಯಾಬನ್ನು ಪಕ್ಕಕ್ಕೆ ಸರಿಯುತ್ತ ಹೊಡೆಯುವ ಅಭ್ಯಾಸಕ್ಕೆ ಇಳಿದಾಗ, ಎಡಕ್ಕೆ ಸರಿಯುವುದು ಮತ್ತು ಬಲಕ್ಕೆ ಸರಿಯುವುದು ಎರಡು ಬೇರೆ ವಿದ್ಯೆಗಳೆಂದೇ ಭಾವಿಸಿ ಪ್ರತ್ಯೇಕವಾಗಿ ಕಲಿತೆ.

ಕಾಲುಗಳ ಮಟ್ಟಿಗೆ ನಿಯಮ ಸರಳವಾಗಿದೆ. ಯಾವ ಕಡೆಗೆ ಸರಿಯಬೇಕೋ ಆ ಕಡೆಯ ಕಾಲು ಮೊದಲು ಹೋಗಬೇಕು, ಇನ್ನೊಂದು ಅಷ್ಟೇ ದೂರ ಹಿಂಬಾಲಿಸಬೇಕು. ಕಾಲುಗಳು ಒಂದನ್ನೊಂದು ದಾಟಿದ ಗಳಿಗೆಯಲ್ಲಿ ಹಗುರವಾದ ಏಟು ಬಿದ್ದರೂ ಆಯ ತಪ್ಪುತ್ತದೆ.

ಎಡಕ್ಕೆ ಸರಿಯುವಾಗ ಹೊಡೆಯುವ ಕೈ, ಮೊದಲು ಚಲಿಸುವ ಕಾಲು ಎರಡೂ ಒಂದೇ ಬದಿಯವು. ಬಲಪಾದದಿಂದ ನೆಲವನ್ನು ಒತ್ತಿ, ಎಡಪಾದ ನೆಲಕ್ಕೆ ತಾಗುವಾಗಲೇ ಮುಷ್ಟಿಯೂ ಗುರಿಗೆ ತಾಗುವಂತೆ ಹೊಡೆಯುತ್ತೇನೆ. ಕೈ ಕೆನ್ನೆಗೆ ಮರಳುವಾಗ ಬಲಗಾಲು ಹಿಂಬಾಲಿಸುತ್ತದೆ. ಆದರೆ ಎದುರಾಳಿಯೂ ಆರ್ಥೊಡಾಕ್ಸ್ ಆಗಿದ್ದರೆ ಈ ದಾರಿ ಅವನ ಬಲಗೈ ಕಡೆಗೇ ಒಯ್ಯುತ್ತದೆ. ಆದ್ದರಿಂದ ಕೈ ಹೋದ ಎತ್ತರದಲ್ಲೇ ಹಿಂತಿರುಗಬೇಕು. ಜ್ಯಾಬ್ ಆದ ಮೇಲೆ ಎಡಗೈಯನ್ನು ಇಳಿಬಿಡುವ, ಅಮೆರಿಕದ ಬಾಕ್ಸರ್ ಜೋ ಲೂಯಿಸ್‌ರ ಅಭ್ಯಾಸವನ್ನು ಗುರುತಿಸಿದ್ದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್, 1936ರಲ್ಲಿ ಬಲಗೈ ಹೊಡೆತಗಳಿಂದಲೇ ಅವರನ್ನು 12ನೇ ಸುತ್ತಿನಲ್ಲಿ ಕೆಡವಿದರು.

ಬಲಕ್ಕೆ ಸರಿಯುವಾಗ ಲೆಕ್ಕ ಬದಲಾಗುತ್ತದೆ. ಮೊದಲು ಸರಿಯುವುದು ಬಲಗಾಲು, ಹೊಡೆಯುವುದು ಎಡಗೈ. ದೇಹ ಒಂದು ಕಡೆಗೆ ಹೋಗುತ್ತಿರುವಾಗ ಮುಷ್ಟಿ ಇನ್ನೊಂದು ದಿಕ್ಕು ಹಿಡಿದಿರುತ್ತದೆ. ನಾನು ಎಡಪಾದದಿಂದ ನೆಲವನ್ನು ಒತ್ತುವಾಗಲೇ ಜ್ಯಾಬ್ ಬಿಡುತ್ತೇನೆ, ಬಲಪಾದ ಊರುವಷ್ಟರಲ್ಲಿ ಅದು ತಾಗಿರಬೇಕು. ಎಡಗಾಲು ಎಳೆದುಕೊಳ್ಳುವವರೆಗೆ ಕಾದರೆ ಎದುರಾಳಿ ಕೈಗೆ ಎಟುಕುವುದಿಲ್ಲ. ಈ ಜ್ಯಾಬಿನಲ್ಲಿ ತೂಕವಿರುವುದಿಲ್ಲ, ಇರಬೇಕೆಂದು ನಾನು ಬಯಸುವುದೂ ಇಲ್ಲ. ಎದುರಾಳಿಯ ಕಣ್ಣನ್ನು ಕ್ಷಣಕಾಲ ಮುಚ್ಚಿ ಅವನ ಹೆಜ್ಜೆಯನ್ನು ತಡೆದರೆ ಸಾಕು. ಅವನ ಎಡ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತ) ಈ ಕಡೆಯಿಂದಲೇ ಬರುವುದರಿಂದ ನನ್ನ ಬಲ ಅಂಗೈ ಕೆನ್ನೆಗೆ ಅಂಟಿಕೊಂಡೇ ಇರುತ್ತದೆ.

ಅಭ್ಯಾಸಕ್ಕೆ ನೆಲದ ಮೇಲೆ ಟೇಪಿನಿಂದ, ನನ್ನ ನಿಲುವಿನ ಅಗಲಕ್ಕೆ ಸರಿಯಾಗಿ, ಎರಡು ಸಮಾನಾಂತರ ಗೆರೆಗಳನ್ನು ಎಳೆದುಕೊಂಡೆ. ಎಡಪಾದ ಮುಂದಿನ ಗೆರೆಯ ಮೇಲೆ, ಬಲಪಾದ ಹಿಂದಿನ ಗೆರೆಯ ಮೇಲೆ. ಕನ್ನಡಿಯ ಮುಂದೆ ಶ್ಯಾಡೋ ಬಾಕ್ಸಿಂಗ್ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಹೊಡೆಯುವ ಅಭ್ಯಾಸ) ಮಾಡುತ್ತ ಪಕ್ಕಕ್ಕೆ ಸರಿದಂತೆಲ್ಲ ಪಾದಗಳು ಗೆರೆ ಬಿಡದಿದ್ದರೆ ನಿಲುವು ಕಿರಿದಾಗಿಲ್ಲವೆಂದು ಅರ್ಥ. ಹೆಜ್ಜೆಯ ಅಳತೆ ಅರ್ಧ ಪಾದದಷ್ಟು. ದೊಡ್ಡ ಹೆಜ್ಜೆ ನೋಡಲು ಚುರುಕಾಗಿ ಕಂಡರೂ ಅದರ ನಡುವೆ ದಿಕ್ಕು ಬದಲಿಸಲಾಗುವುದಿಲ್ಲ. ನೇತುಹಾಕಿದ ಬ್ಯಾಗು ತೂಗಾಡುವಾಗ ಅದರೊಂದಿಗೆ ಸರಿಯುತ್ತ ಹೊಡೆದದ್ದು ಸಮಯ ಹಿಡಿಯಲು ನೆರವಾಯಿತು.

ಯಾವ ಕಡೆಗೆ ಸರಿಯಬೇಕೆಂಬುದನ್ನು ಎದುರಾಳಿಯ ಬಲವಾದ ಕೈ ನೋಡಿ ನಿರ್ಧರಿಸುತ್ತೇನೆ. 1964ರಲ್ಲಿ ಮಯಾಮಿ ಬೀಚ್‌ನಲ್ಲಿ, ಆಗಿನ್ನೂ ಕ್ಯಾಶಿಯಸ್ ಕ್ಲೇ ಆಗಿದ್ದ ಮುಹಮ್ಮದ್ ಅಲಿ, ಹೆವಿವೇಟ್ ಚಾಂಪಿಯನ್ ಸನ್ನಿ ಲಿಸ್ಟನ್‌ರ ಭಾರಿ ಎಡಗೈಯಿಂದ ದೂರವಾಗಿ ಎಡಕ್ಕೇ ಸುತ್ತಿದ್ದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸೌತ್‌ಪಾ (ಬಲಗಾಲನ್ನು ಮುಂದಿಟ್ಟು ನಿಲ್ಲುವ ಬಾಕ್ಸರ್) ಎದುರಿಗಿದ್ದರೂ ನನ್ನ ಒಲವು ಎಡಕ್ಕೇ; ಆಗ ನನ್ನ ಎಡಪಾದ ಅವನ ಮುಂದಿನ ಪಾದದ ಹೊರಗೆ ಊರಬೇಕು. ಹಾಗೆಂದು ಒಂದೇ ಕಡೆಗೆ ಸರಿಯುತ್ತ ಹೋದರೆ 6.1 ಮೀಟರ್ ಬದಿಯ ರಿಂಗಿನಲ್ಲಿ ಬೆನ್ನಿಗೆ ಹಗ್ಗ ತಾಗುವುದು ತಡವಾಗುವುದಿಲ್ಲ, ಆದ್ದರಿಂದ ಎಡಕ್ಕೆ ಎರಡು ಜ್ಯಾಬ್ ಆದೊಡನೆ ಎಡಪಾದವನ್ನು ಅಚ್ಚಾಗಿಸಿ, ಬಲಗಾಲನ್ನು ಹಿಂದಿನಿಂದ ಎಡಕ್ಕೆ ತಿರುಗಿಸಿ, ಅವನು ನನ್ನತ್ತ ತಿರುಗುವ ಮೊದಲೇ ಮೂರನೆಯದನ್ನು ಬಿಡುತ್ತೇನೆ.