ಶಿಕ್ಷಣ ಸಾಲ: ಕಂತು ಶುರುವಾಗುವ ಮುನ್ನ ಮಾಡಬೇಕಾದ್ದೇನು?

ಓದು ಮುಗಿದು ವರ್ಷ ತುಂಬುವ ಹೊತ್ತಿಗೆ ಬ್ಯಾಂಕಿನಿಂದ ಕಂತಿನ ಸಂದೇಶ ಬರುತ್ತದೆ. ಅದರಲ್ಲಿರುವ ಬಾಕಿ ಮೊತ್ತ ಪಡೆದ ಸಾಲಕ್ಕಿಂತ ಲಕ್ಷಗಟ್ಟಲೆ ಹೆಚ್ಚಿರುವುದನ್ನು ಕಂಡು ಗಾಬರಿಯಾಗುವವರೇ ಹೆಚ್ಚು. ಕೋರ್ಸಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಬ್ಯಾಂಕು ಸಾಮಾನ್ಯವಾಗಿ ಕಂತು ಕೇಳುವುದಿಲ್ಲವಾದರೂ, ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಬೆಳೆಯುತ್ತಿರುತ್ತದೆ.

ಎಂಜಿನಿಯರಿಂಗ್ ಓದಲು ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ವರ್ಷದಲ್ಲಿ 6 ಲಕ್ಷ ರೂಪಾಯಿ ಪಡೆದಿದ್ದೀರಿ, ಬಡ್ಡಿ ದರ ಶೇ 10 ಎಂದಿಟ್ಟುಕೊಳ್ಳಿ. ಮೊದಲ ವರ್ಷದ ಹಣಕ್ಕೆ ಐದು ವರ್ಷದ, ಕೊನೆಯದಕ್ಕೆ ಎರಡು ವರ್ಷದ ಸರಳ ಬಡ್ಡಿಯಂತೆ ಒಟ್ಟು 2.10 ಲಕ್ಷವಾಗುತ್ತದೆ. ಅದು ಅಸಲಿಗೆ ಸೇರಿ, 8.10 ಲಕ್ಷಕ್ಕೆ ಕಂತು ಗೊತ್ತಾಗುತ್ತದೆ.

ಆದ್ದರಿಂದ ಮೂರು ತಿಂಗಳು ಮೊದಲೇ ಸಾಲ ಕೊಟ್ಟ ಶಾಖೆಗೆ ಹೋಗಿ ಖಾತೆಯ ಪೂರ್ಣ ವಿವರ ಪಡೆಯಿರಿ. ಕಂತು ಆರಂಭದ ದಿನಾಂಕವನ್ನು ಮಂಜೂರಾತಿ ಪತ್ರದೊಂದಿಗೆ ತಾಳೆ ನೋಡಿ. ಕಡಿಮೆ ಆದಾಯದ ಕುಟುಂಬವೆಂದು ಕೇಂದ್ರದ ಬಡ್ಡಿ ಸಹಾಯಧನ ಮಂಜೂರಾಗಿದ್ದರೆ, ಅದು ಜಮೆಯಾಗಿದೆಯೇ ಎಂಬುದನ್ನೂ ಅಲ್ಲೇ ಕೇಳಿ.

ಕೈಯಲ್ಲಿ ಸ್ವಲ್ಪ ಹಣವಿದ್ದರೆ, ಅಸಲಿಗೆ ಸೇರುವ ಮುನ್ನವೇ ಬಡ್ಡಿಯನ್ನು ಕಟ್ಟುವುದು ಜಾಣತನ. ಮೇಲಿನ ಉದಾಹರಣೆಯಲ್ಲಿ ಬಡ್ಡಿಯನ್ನೆಲ್ಲ ತೀರಿಸಿದವರಿಗೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 7,930 ರೂಪಾಯಿ, ತೀರಿಸದವರಿಗೆ ಸುಮಾರು 10,700. ಅವಧಿಯನ್ನು ಹದಿನೈದು ವರ್ಷಕ್ಕೆ ಎಳೆದರೆ ಎರಡನೆಯವರ ಕಂತು 8,700ರ ಆಸುಪಾಸಿಗೆ ಇಳಿಯುತ್ತದೆ, ಆದರೆ ಒಟ್ಟಾರೆ 2.8 ಲಕ್ಷದಷ್ಟು ಹೆಚ್ಚು ತೆರಬೇಕಾಗುತ್ತದೆ. ಮೊದಲ ಸಂಬಳ ಸಣ್ಣದಿದ್ದರೆ ದೀರ್ಘ ಅವಧಿಯನ್ನೇ ಆರಿಸಿ, ಸಂಬಳ ಏರಿದಂತೆ ಹೆಚ್ಚುವರಿ ಕಟ್ಟುವುದು ನನ್ನ ದೃಷ್ಟಿಯಲ್ಲಿ ಸುರಕ್ಷಿತ.

ಸಂಬಳದ ಖಾತೆ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ, ಸಾಲದ ಖಾತೆ ಊರಿನ ಇನ್ನೊಂದು ಬ್ಯಾಂಕಿನಲ್ಲಿ ಇರುವುದು ಮಾಮೂಲು. ಕಂತು ತಾನಾಗಿ ಕಡಿತವಾಗುವಂತೆ ಅನುಮತಿ ಪತ್ರಕ್ಕೆ ಸಹಿ ಹಾಕಿ, ಸಂಬಳ ಬರುವ ದಿನದ ಎರಡು ಮೂರು ದಿನ ನಂತರದ ತಾರೀಖನ್ನು ಕೇಳಿ ಪಡೆಯಿರಿ.

ಕೆಲಸ ಸಿಕ್ಕಿಲ್ಲವೆಂದು ಶಾಖೆಯ ಕಡೆ ತಲೆ ಹಾಕದಿರುವುದು ದೊಡ್ಡ ತಪ್ಪು. ಕಂತು ಬಾಕಿಯಾಗುವ ಮೊದಲೇ, ಮರುಪಾವತಿಯನ್ನು ಮುಂದೂಡುವಂತೆ ಅಥವಾ ಕಂತನ್ನು ಮರುಹೊಂದಿಸುವಂತೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಒಪ್ಪುವುದು ಬಿಡುವುದು ಬ್ಯಾಂಕಿನ ವಿವೇಚನೆ. ಬಾಕಿ 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಸಹ-ಸಾಲಗಾರರಾಗಿ ಸಹಿ ಹಾಕಿದ ಅಪ್ಪನ ಸಿಬಿಲ್ ಅಂಕವೂ (ಸಾಲ ತೀರಿಸುವ ಶಿಸ್ತನ್ನು ಬ್ಯಾಂಕುಗಳು ಅಳೆಯುವ ಅಂಕ) ಕುಸಿದು, ನಾಳೆ ಅವರು ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಅಡ್ಡ ಬರುತ್ತದೆ.

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರು ಕಟ್ಟಿದ ಬಡ್ಡಿಗೆ, ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷದವರೆಗೆ, ವಿನಾಯಿತಿ ಪಡೆಯಬಹುದು. ಅಸಲಿಗೆ ಈ ಸೌಲಭ್ಯವಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ಕೇಳಿ ಪಡೆದಿಟ್ಟುಕೊಳ್ಳಿ.